ಏಪ್ರಿಲ್ 15 ಮತ್ತು ಲೆಕ್ಕಿಗರ ರಕ್ತ

ಅಮೆರಿಕದಲ್ಲಿರುವ ನಮ್ಮಂಥ ಲೆಕ್ಕಿಗರಿಗೆ ವರ್ಷವೆಲ್ಲ ಸುತ್ತುವುದು ಏಪ್ರಿಲ್ 15ರ ಸುತ್ತ. ಜನಸಾಮಾನ್ಯರು ಆದಾಯ ತೆರಿಗೆಯ ವಿವರ ಸಲ್ಲಿಸುವ ಕೊನೆಯ ದಿನ ಅದು. 1955ಕ್ಕೆ ಮುಂಚೆ ಮಾರ್ಚ್ 15 ಆಗಿತ್ತು. ಈ ತಾರೀಖಿಗೆ ವೈದ್ಯಶಾಸ್ತ್ರದ ಚರಿತ್ರೆಯಲ್ಲೂ ಒಂದು ಜಾಗವಿದೆ.

ಒತ್ತಡಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದು ಮೊದಲು ತಿಳಿದದ್ದು ಪ್ರಾಣಿಗಳಿಂದ. ಬೆಕ್ಕು ಗಾಬರಿಯಾದಾಗ ಅದರ ಜಠರದ ಚಲನೆ ನಿಂತುಬಿಡುವುದನ್ನು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ ಎಕ್ಸ್‌ರೇಯಲ್ಲಿ ಕಂಡರು. ಅಡ್ರಿನಲಿನ್ ರಕ್ತಕ್ಕಿಳಿದು, ಎದೆಬಡಿತ ಏರಿ, ಸಕ್ಕರೆ ಹೆಚ್ಚಿ, ದೇಹ ಕಾದಾಟಕ್ಕೋ ಓಟಕ್ಕೋ ಸಜ್ಜಾಗುತ್ತದೆ ಎಂದು 1915ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. 1936ರಲ್ಲಿ ಮಾಂಟ್ರಿಯಲ್‌ನ ಹ್ಯಾನ್ಸ್ ಸೆಲ್ಯೆ ಇಲಿಗಳಲ್ಲಿ ಮುಂದಿನ ಕಥೆ ಕಂಡರು. ಚಳಿಯಿರಲಿ, ಗಾಯವಿರಲಿ, ಅತಿಶ್ರಮವಿರಲಿ, ಅಡ್ರಿನಲ್ ಗ್ರಂಥಿ ದೊಡ್ಡದಾಗುತ್ತಿತ್ತು, ಥೈಮಸ್ ಗ್ರಂಥಿ ಕುಗ್ಗುತ್ತಿತ್ತು, ಜಠರದಲ್ಲಿ ಹುಣ್ಣಾಗುತ್ತಿತ್ತು. ಮೊದಲು ಎಚ್ಚರ, ಆಮೇಲೆ ತಾಳಿಕೆ, ಕೊನೆಗೆ ಬಳಲಿಕೆ.

ಆದರೆ ಮೇಜಿನ ಮುಂದೆ ಕೂತು ಅಂಕಿ ಕೂಡಿಸುವವನ ದೇಹದಲ್ಲಿ ಏನಾಗುತ್ತದೆ? ಸ್ಯಾನ್‌ಫ್ರಾನ್ಸಿಸ್ಕೋದ ಹೃದ್ರೋಗ ತಜ್ಞರಾದ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ 1957ರ ಮೊದಲ ಆರು ತಿಂಗಳಲ್ಲಿ 40 ಮಂದಿ ಲೆಕ್ಕಿಗರ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಗಡುವು ಹತ್ತಿರವಾದಂತೆ ಕೊಲೆಸ್ಟರಾಲ್ ಏರಿತು, ರಕ್ತ ಬೇಗ ಹೆಪ್ಪುಗಟ್ಟತೊಡಗಿತು. ಊಟ, ತೂಕ, ವ್ಯಾಯಾಮ ಇವುಗಳಲ್ಲಿ ಅದಕ್ಕೆ ಕಾರಣ ಸಿಗಲಿಲ್ಲ. ಫಲಿತಾಂಶ 1958ರಲ್ಲಿ ಪ್ರಕಟವಾಯಿತು.

ಇದು ಚಿಕ್ಕ ಅಧ್ಯಯನ. ಒತ್ತಡದಿಂದಲೇ ಹೃದಯಾಘಾತವಾಗುತ್ತದೆಂದು ಇದು ಸಾಬೀತು ಮಾಡಲಿಲ್ಲ. ಇದನ್ನು ಉಲ್ಲೇಖಿಸುವವರು ಹೇಳುವುದು ಏಪ್ರಿಲ್‌ನ ಏರಿಕೆಯ ಮಾತನ್ನೇ. ಖರ್ಚಿನ ಜೊತೆಗೆ ಜಮಾ ಕೂಡ ನೋಡಬೇಕೆಂದು ಕಲಿತ ನನಗೆ ಅದರ ಇನ್ನೊಂದು ಬದಿಯೂ ಅಷ್ಟೇ ಮುಖ್ಯ. ಮೇ, ಜೂನ್‌ನಲ್ಲಿ ಅದೇ ಅಂಕಿಗಳು ಇಳಿದವು. ಕೆಲಸದ ಭಾರ ಇಳಿದಾಗ ರಕ್ತವೂ ತನ್ನ ಹದಕ್ಕೆ ಮರಳಿತ್ತು.

ಇಂದು ನಮಗೆ ಆ ಮೇ ತಿಂಗಳು ಎಲ್ಲಿದೆ? ಗಡುವು ಮುಂದೂಡಿಸಿಕೊಂಡವರ ಕಾಗದಪತ್ರ ಅಕ್ಟೋಬರ್ 15ರವರೆಗೂ ಮೇಜಿನ ಮೇಲಿರುತ್ತದೆ. ಬೆಂಗಳೂರಿನಲ್ಲಿ ಕೂತು ಅಮೆರಿಕದ ತೆರಿಗೆ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಇಲ್ಲಿನ ಹಗಲೇ ರಾತ್ರಿಪಾಳಿ. ಒಂದು ಗಡುವು ದಾಟಿದರೆ ಇನ್ನೊಂದು ಕಾದಿರುತ್ತದೆ.

ದೇಹ ಒತ್ತಡವನ್ನು ತಾಳಿಕೊಳ್ಳಬಲ್ಲದು, ಚೇತರಿಸಿಕೊಳ್ಳಲೂ ಬಲ್ಲದು. ಅದು ಕೇಳುವುದು ಗಡುವಿಲ್ಲದ ಕೆಲವು ವಾರಗಳನ್ನು. ಆ 40 ಜನರಿಗೆ ಅವು ಸಿಕ್ಕಿದ್ದವು.