ಪೋಷಕತ್ವ: ಇಂಗ್ಲೆಂಡಿನಲ್ಲಿ ಬೆಳೆದು ಬಂದ ಬಗೆ

ಹೆತ್ತವರ ಬಳಿ ಉಳಿಯಲಾಗದ ಮಗುವನ್ನು ದತ್ತು ಕೊಡದೆ, ಸರ್ಕಾರದ ಹೊಣೆಯಲ್ಲೇ ಇರಿಸಿಕೊಂಡು, ಇನ್ನೊಂದು ಕುಟುಂಬದಲ್ಲಿ ಬೆಳೆಸುವ ವ್ಯವಸ್ಥೆಯನ್ನು ಪೋಷಕತ್ವ ಅಥವಾ ಫೋಸ್ಟರ್ ಕೇರ್ ಎನ್ನುತ್ತಾರೆ. ದತ್ತು ಹೋದ ಮಗು ಕಾನೂನಿನ ಕಣ್ಣಿನಲ್ಲಿ ಹೊಸ ಮನೆಯದೇ ಆಗಿಬಿಡುತ್ತದೆ. ಪೋಷಕತ್ವದಲ್ಲಿ ಹೆತ್ತವರ ನಂಟು ಕಳಚುವುದಿಲ್ಲ, ಅಧಿಕಾರಿಗಳ ಹೊಣೆ ತೀರುವುದಿಲ್ಲ, ಮಗು ಒಂದು ದಿನ ಹುಟ್ಟಿದ ಮನೆಗೆ ಮರಳಲೂಬಹುದು. ಇದರ ಇತಿಹಾಸ ಇಂಗ್ಲೆಂಡಿನಲ್ಲಿ ಕಾಯ್ದೆ, ಆದೇಶ, ವಿಚಾರಣಾ ವರದಿಗಳ ರೂಪದಲ್ಲಿ ಚೆನ್ನಾಗಿ ಉಳಿದುಕೊಂಡಿದೆ. ಅದನ್ನು ಕರುಣೆ ಮೆಲ್ಲಮೆಲ್ಲನೆ ಹೆಚ್ಚಿದ ಕಥೆಯಾಗಿ ಹೇಳುವ ರೂಢಿ ಇದೆ. ಆದರೆ ದಾಖಲೆಗಳನ್ನು ಸಾಲಾಗಿ ಓದಿದರೆ ಬೇರೆಯದೇ ಕಾಣುತ್ತದೆ: ಒಳ್ಳೆಯ ಮನೆ ಸಿಕ್ಕಿತು, ಇನ್ನು ಚಿಂತೆಯಿಲ್ಲ ಎಂದು ಕೈತೊಳೆದುಕೊಂಡಾಗಲೆಲ್ಲ ಮಕ್ಕಳು ಬೆಲೆ ತೆತ್ತಿದ್ದಾರೆ. ಸಾಕುವ ಮನೆಯ ಬೆನ್ನಿಗೆ ಹಣ, ತರಬೇತಿ ಮತ್ತು ತಪ್ಪದೆ ಬಂದು ನೋಡುವ ಅಧಿಕಾರಿ ನಿಂತಷ್ಟೇ ಮಟ್ಟಿಗೆ ಪೋಷಕತ್ವ ಗೆದ್ದಿದೆ.

ಥಾಮಸ್ ಕೋರಂ 1739ರಲ್ಲಿ ರಾಜಸನ್ನದು ಪಡೆದು ಲಂಡನ್ನಿನಲ್ಲಿ ಸ್ಥಾಪಿಸಿದ ಫೌಂಡ್ಲಿಂಗ್ ಹಾಸ್ಪಿಟಲ್ ಹೆಸರಿಗೆ ಮಾತ್ರ ಆಸ್ಪತ್ರೆ. ನಿಜಕ್ಕೂ ಅದು ತೊರೆದ ಕೂಸುಗಳ ಆಶ್ರಯ. ಅಲ್ಲಿಗೆ ಬಂದ ಹಸುಗೂಸುಗಳನ್ನು ಹಳ್ಳಿಯ ಹಾಲೂಡಿಸುವ ಹೆಂಗಸರ ಬಳಿ ಬಿಟ್ಟು, ಸುಮಾರು ಐದು ವರ್ಷವಾದಾಗ ಹಿಂದಕ್ಕೆ ಕರೆಸುತ್ತಿದ್ದರು. ಸಾಕಿದವಳ ಮಡಿಲಿನಿಂದ ಕಿತ್ತು ತಂದ ಮಗುವಿನ ಸಂಕಟಕ್ಕೆ ನಿಯಮಗಳಲ್ಲಿ ಜಾಗವಿರಲಿಲ್ಲ. ಸಮಾಜ ಸುಧಾರಕ ಜೋನಸ್ ಹ್ಯಾನ್‌ವೇ ಹೋರಾಡಿ ತಂದ 1767ರ ಕಾಯ್ದೆ ಲಂಡನ್ನಿನ ಬಡ ಶಿಶುಗಳನ್ನು ಊರಾಚೆಯ ದಾದಿಯರ ಬಳಿಗೆ ಕಳಿಸಬೇಕೆಂದಿತು. ಮಗು ಬದುಕಿ ಉಳಿದರೆ ದಾದಿಗೆ ಬಹುಮಾನವನ್ನೂ ಸೇರಿಸಿತು. ಕೂಲಿ ಕೊಟ್ಟರಷ್ಟೇ ಸಾಲದು, ಫಲವನ್ನೂ ನೋಡಬೇಕೆಂಬ ತಿಳಿವಳಿಕೆ ಅಷ್ಟು ಹಿಂದೆಯೇ ಮೂಡಿತ್ತು. ಇಂಗ್ಲೆಂಡ್ ಅದನ್ನು ಬೇಗ ಮರೆಯಿತು. ಮುಂದಿನ ನೂರು ವರ್ಷ ಬಡ ಮಕ್ಕಳಲ್ಲಿ ಬಹುಪಾಲು ಬೆಳೆದದ್ದು ಬಡವರನ್ನು ಇರಿಸಿ ದುಡಿಸುತ್ತಿದ್ದ ವರ್ಕ್‌ಹೌಸುಗಳಲ್ಲಿ, ಇಲ್ಲವೇ ಅವಕ್ಕೆ ಸೇರಿದ ದೊಡ್ಡ ಶಾಲೆಗಳಲ್ಲಿ.

1870ರ ಆದೇಶ ಈ ಮಕ್ಕಳನ್ನು ದೂರದ ಹಳ್ಳಿಗಳ ಕೂಲಿಕಾರರ, ಕುಶಲಕರ್ಮಿಗಳ ಮನೆಗಳಲ್ಲಿ ಇರಿಸಲು ಒಪ್ಪಿಗೆ ನೀಡಿತು. ವಾರಕ್ಕೆ 4 ಶಿಲಿಂಗ್ ಮೀರದ ಭತ್ಯೆ, ಬಟ್ಟೆಬರೆಗೆ ಪ್ರತ್ಯೇಕ ಹಣ, ಮಗುವಿನ ಧರ್ಮದವರದೇ ಮನೆ, ಸ್ಥಳೀಯ ಸಮಿತಿಯವರಿಂದ ಆರು ವಾರಕ್ಕೊಮ್ಮೆ ಭೇಟಿ: ಇವು ಅದರ ಮುಖ್ಯ ನಿಯಮಗಳು. ಅರ್ಥಶಾಸ್ತ್ರಜ್ಞ ಹೆನ್ರಿ ಫಾಸೆಟ್ ಇದನ್ನು ಕಟುವಾಗಿ ವಿರೋಧಿಸಿದರು. ಸ್ವಂತ ಮಗುವಿಗೆ ಅಷ್ಟು ಖರ್ಚು ಮಾಡಲಾಗದ ಕೂಲಿಕಾರನ ಕಣ್ಣೆದುರೇ ಸರ್ಕಾರ ಪರರ ಮಗುವಿಗೆ ಅಷ್ಟು ಕೊಟ್ಟರೆ, ಮಕ್ಕಳನ್ನು ತೊರೆಯುವುದಕ್ಕೆ ಪ್ರೋತ್ಸಾಹ ಕೊಟ್ಟಂತೆ ಎಂಬುದು ಅವರ ವಾದ. ತರ್ಕ ಚೊಕ್ಕಟವಾಗಿದೆ, ಆದರೆ ಕೂಲಿಯೇ ಹೊಟ್ಟೆಗೆ ಸಾಲದ ತಪ್ಪನ್ನು ಅದು ಅನಾಥ ಮಗುವಿನ ತಟ್ಟೆಯ ಮೇಲೆ ಹೊರಿಸುತ್ತದೆ. ಅದೇ ವರ್ಷ ಹಣ ಕೊಟ್ಟು ಯಾರೂ ನೋಡದಿದ್ದರೆ ಏನಾಗುತ್ತದೆಂಬುದೂ ಬಯಲಾಯಿತು. ಅವಿವಾಹಿತ ತಾಯಂದಿರಿಂದ ಹಣ ಪಡೆದು ಕೂಸುಗಳನ್ನು ತಂದು, ಹಸಿವಿನಿಂದ ಸಾಯಲು ಬಿಡುತ್ತಿದ್ದ ಮಾರ್ಗರೆಟ್ ವಾಟರ್ಸ್ ಅಕ್ಟೋಬರಿನಲ್ಲಿ ಗಲ್ಲಿಗೇರಿದಳು. ಆ ದಂಧೆ ತಡೆಯಲೆಂದು ಬಂದ 1872ರ ಕಾಯ್ದೆ ಒಂದಕ್ಕಿಂತ ಹೆಚ್ಚು ಶಿಶುಗಳನ್ನು ಸಾಕುವವರಿಗಷ್ಟೇ ನೋಂದಣಿ ಕಡ್ಡಾಯ ಮಾಡಿತು. ಒಂದೊಂದೇ ಮಗುವನ್ನು ತರುವವರು ನುಣುಚಿಕೊಂಡರು. 1896ರಲ್ಲಿ ಇದೇ ದಂಧೆಯ ಅಮೇಲಿಯಾ ಡೈಯರ್ ಸಿಕ್ಕಿಬಿದ್ದ ಮೇಲೆ, ಮರುವರ್ಷ ಕಾನೂನು ಬಿಗಿಯಾಯಿತು.

ಇತಿಹಾಸದ ನಡುಬಿಂದು 1945. ಅದಕ್ಕೆ ಮುನ್ನ, 1939ರ ಸೆಪ್ಟೆಂಬರಿನಲ್ಲಿ ಬಾಂಬುದಾಳಿಯ ಭಯದಿಂದ ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಜನರನ್ನು ನಗರಗಳಿಂದ ಸಾಗಿಸಲಾಗಿತ್ತು. ಅವರಲ್ಲಿ ದೊಡ್ಡ ಪಾಲು ಶಾಲಾಮಕ್ಕಳು. ಅಪರಿಚಿತರ ಮನೆ ಸೇರಿದ ಮಕ್ಕಳ ಪಾಡು ಇಡೀ ದೇಶದ ಕಣ್ಣಿಗೆ ಬಿತ್ತು. ಆದರೆ ಕಾನೂನನ್ನು ಅಲ್ಲಾಡಿಸಿದ್ದು ಒಬ್ಬ ಹುಡುಗನ ಸಾವು. ವೇಲ್ಸಿನ ನ್ಯೂಪೋರ್ಟ್ ಆಡಳಿತ ಶ್ರಾಪ್‌ಶೈರಿನ ಒಂದು ತೋಟದ ಮನೆಗೆ ಕಳಿಸಿದ್ದ 12 ವರ್ಷದ ಡೆನಿಸ್ ಓ'ನೀಲ್, 1945ರ ಜನವರಿ 9ರಂದು ಹೊಡೆತ ಮತ್ತು ಹಸಿವಿನಿಂದ ಸತ್ತ. ಸರ್ ವಾಲ್ಟರ್ ಮಾಂಕ್ಟನ್ ನಡೆಸಿದ ವಿಚಾರಣೆ ಆ ಮನೆಯವರ ಕ್ರೌರ್ಯದಾಚೆಗೂ ನೋಡಿತು: ಕಳಿಸಿದ ಆಡಳಿತ ಒಂದು, ಮನೆಯಿದ್ದ ಪ್ರದೇಶದ ಆಡಳಿತ ಇನ್ನೊಂದು, ಮೇಲ್ವಿಚಾರಣೆ ಎರಡರ ನಡುವೆ ಬಿದ್ದುಹೋಗಿತ್ತು. ಅಗಾಥಾ ಕ್ರಿಸ್ಟಿ ಈ ಪ್ರಕರಣದಿಂದಲೇ ಎಳೆ ಹಿಡಿದು 1947ರಲ್ಲಿ ರೇಡಿಯೋ ನಾಟಕ ಬರೆದರು. ಅದು 1952ರಲ್ಲಿ 'ದ ಮೌಸ್‌ಟ್ರ್ಯಾಪ್' ಆಗಿ ರಂಗಕ್ಕೆ ಬಂತು. ದಶಕಗಳಿಂದ ಓಡುತ್ತಿರುವ ಆ ನಾಟಕಕ್ಕೆ ಟಿಕೆಟ್ ಕೊಳ್ಳುವವರಲ್ಲಿ ಎಷ್ಟು ಜನರಿಗೆ ಆ ಹುಡುಗ ಗೊತ್ತೋ.

ಇಂಥ ಸಾವಿನ ಬಳಿಕ ಯಾರಿಗೂ ತೋಚುವ ಆಕ್ಷೇಪವೊಂದಿದೆ: ನಾಲ್ಕು ಗೋಡೆಯೊಳಗಿನ ಮನೆಗಿಂತ, ಹತ್ತು ಕಣ್ಣು ಕಾಯುವ ಆಶ್ರಮವೇ ಸುರಕ್ಷಿತವಲ್ಲವೇ? ಮೈರಾ ಕರ್ಟಿಸ್ ಅಧ್ಯಕ್ಷತೆಯ ಸಮಿತಿ ದೇಶದ ಆಶ್ರಮಗಳನ್ನೂ ಸಾಕುಮನೆಗಳನ್ನೂ ಹೊಕ್ಕು ನೋಡಿ, 1946ರಲ್ಲಿ ವರದಿ ಕೊಟ್ಟಿತು. ಆಶ್ರಮಗಳಲ್ಲಿ ಎಷ್ಟೋ ಕಡೆ ಅದಕ್ಕೆ ಕಂಡದ್ದು, ತನ್ನವರೆಂದು ಹೇಳಿಕೊಳ್ಳಲು ಒಬ್ಬರೂ ಇಲ್ಲದ ಮಕ್ಕಳು. ಓ'ನೀಲ್ ಪ್ರಕರಣ ಹಸಿಯಾಗಿದ್ದಾಗಲೂ ಸಮಿತಿ ಪೋಷಕತ್ವವನ್ನು ಕೈಬಿಡಲಿಲ್ಲ. ಪ್ರತಿ ಆಡಳಿತಕ್ಕೂ ಹೆಸರು ಹಿಡಿದು ಕೇಳಬಹುದಾದ ಮಕ್ಕಳ ಅಧಿಕಾರಿಯೊಬ್ಬರು ಇರಬೇಕೆಂದಿತು. 1948ರ ಮಕ್ಕಳ ಕಾಯ್ದೆ ಅದನ್ನು ಜಾರಿಗೆ ತಂದು, ಸಾಧ್ಯವಿದ್ದಲ್ಲೆಲ್ಲ ಮಗುವನ್ನು ಕುಟುಂಬದಲ್ಲೇ ಇರಿಸಬೇಕೆಂದು ವಿಧಿಸಿತು.

ಆದರೂ ಸಾಕುವವರ ಮಾತಿಗೆ ಬೆಲೆ ಬರಲು ಮತ್ತೊಂದು ಸಾವು ಬೇಕಾಯಿತು. ತನ್ನನ್ನು ಸಾಕುತ್ತಿದ್ದ ಸೋದರತ್ತೆಯ ಮನೆಯಲ್ಲಿ ನೆಮ್ಮದಿಯಾಗಿದ್ದ ಮರಿಯಾ ಕೋಲ್ವೆಲ್ ಎಂಬ ಬಾಲಕಿಯನ್ನು ತಾಯಿಗೆ ಒಪ್ಪಿಸಲಾಯಿತು. 1973ರಲ್ಲಿ, ಏಳರ ವಯಸ್ಸಿನಲ್ಲಿ, ಮಲತಂದೆಯ ಕೈಯಲ್ಲಿ ಆಕೆ ಸತ್ತಳು. 1975ರ ಕಾಯ್ದೆ ಸಾಕಿದವರ ಸ್ಥಾನವನ್ನು ಒಂದಿಷ್ಟು ಗಟ್ಟಿಮಾಡಿತು. ಅದೇ ವರ್ಷ ಕೆಂಟ್ ಕೌಂಟಿಯಲ್ಲಿ ನ್ಯಾನ್ಸಿ ಹೇಜಲ್ ಆರಂಭಿಸಿದ ಯೋಜನೆ, ಯಾರೂ ಮನೆಗೆ ಸೇರಿಸದ ಹದಿಹರೆಯದವರನ್ನು ಸಾಕುವ ಕುಟುಂಬಗಳಿಗೆ ಸಂಭಾವನೆ, ಲಿಖಿತ ಒಪ್ಪಂದ, ನಿಯಮಿತ ಗುಂಪುಸಭೆಗಳನ್ನು ಕೊಟ್ಟಿತು. ಹಣ ಕೊಟ್ಟರೆ ಪ್ರೀತಿ ವ್ಯಾಪಾರವಾಗುತ್ತದೆ ಎಂಬ ಹಳೆಯ ಅನುಮಾನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣದು. ವಾಟರ್ಸ್‌ಳಂಥವರನ್ನು ಬೆಳೆಸಿದ್ದು ಹಣವೊಂದೇ ಅಲ್ಲ. ಒಂದೇ ಸಲ ಕೊಟ್ಟ ಅಲ್ಪ ಹಣ ಮತ್ತು ಆಮೇಲೆ ತಿರುಗಿ ನೋಡದ ಸಮಾಜ.

ಇಂದು ಇಂಗ್ಲೆಂಡಿನಲ್ಲಿ ಸರ್ಕಾರದ ಹೊಣೆಯಲ್ಲಿರುವ ಮಕ್ಕಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಸಾಕುಮನೆಗಳಲ್ಲಿದ್ದಾರೆ. ಪೋಷಕರಾಗಬಯಸುವವರ ಮನೆ, ಆರೋಗ್ಯ, ಪೊಲೀಸ್ ದಾಖಲೆಗಳನ್ನು ತಿಂಗಳುಗಟ್ಟಲೆ ಪರಿಶೀಲಿಸಿ, ತರಬೇತಿ ಕೊಟ್ಟು, ಮಂಡಳಿಯೊಂದರ ಮುಂದೆ ತರುತ್ತಾರೆ. ಒಪ್ಪಿಗೆ ಸಿಕ್ಕ ಮೇಲೆ ಮಗುವಿಗೊಬ್ಬರು, ಪೋಷಕರಿಗೇ ಬೇರೆಯಾಗಿ ಒಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. 2007ರಿಂದ ಕನಿಷ್ಠ ಭತ್ಯೆಯನ್ನು ದೇಶಕ್ಕೆಲ್ಲ ಗೊತ್ತುಪಡಿಸಲಾಗುತ್ತಿದೆ. 2014ರ ಕಾಯ್ದೆಯಂತೆ, ಇಬ್ಬರಿಗೂ ಇಷ್ಟವಿದ್ದರೆ, 18 ತುಂಬಿದ ಮಗು 21ರವರೆಗೆ ಅದೇ ಮನೆಯಲ್ಲಿ ಇರಬಹುದು. ಸೋದರಮಾವ, ಅಜ್ಜಿ ಸಾಕಿದರೆ ಅದು ಕರ್ತವ್ಯ, ಅದಕ್ಕೇಕೆ ಹಣ ಎನ್ನುವವರು ಅಲ್ಲೂ ಇದ್ದರು. ಸಾಕುವ ಬಂಧುಗಳಿಗೆ ಕಡಿಮೆ ಭತ್ಯೆ ಕೊಡುತ್ತಿದ್ದ ಮ್ಯಾಂಚೆಸ್ಟರ್ ಆಡಳಿತದ ನೀತಿ ಕಾನೂನುಬಾಹಿರವೆಂದು 2001ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಅಜ್ಜಿಯ ಮನೆಯಲ್ಲೂ ಅಕ್ಕಿ ಪುಕ್ಕಟೆ ಬರುವುದಿಲ್ಲ.

ಅಜ್ಜಿಮನೆಯಲ್ಲಿ ಬೆಳೆದ ಮಕ್ಕಳು ಕರ್ನಾಟಕದ ಯಾವ ಊರಿಗೂ ಹೊಸಬರಲ್ಲ. ಬಂಧುಗಳೂ ಇಲ್ಲದ ಮಗುವಿಗಾಗಿ ಕಾನೂನು ರೂಪಿಸಿದ ಪೋಷಕತ್ವ ಮಾತ್ರ ಭಾರತಕ್ಕೆ ತಡವಾಗಿ ಬಂತು. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಅದರ ಈಗಿನ ಆಧಾರ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಗೊತ್ತುಮಾಡಿದೆ. 2024ರ ಮಾದರಿ ಮಾರ್ಗಸೂಚಿ ಒಂಟಿ ವ್ಯಕ್ತಿಗಳಿಗೂ ಬಾಗಿಲು ತೆರೆದಿದೆ. ಅರ್ಜಿ ಹೋಗಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಅರ್ಜಿ ಕೊಡುವವರು ಭತ್ಯೆಯ ಮೊತ್ತ ವಿಚಾರಿಸುವುದರ ಜೊತೆಗೆ ಇನ್ನೊಂದನ್ನೂ ಕೇಳಲಿ: ನಮ್ಮ ಮನೆಗೆ ಯಾರು, ಯಾವಾಗ ಬರುತ್ತಾರೆ? ಸಮಿತಿ ಪ್ರತಿ ಸಾಕುಕುಟುಂಬವನ್ನೂ ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು 44ನೇ ಕಲಮೇ ಹೇಳುತ್ತದೆ.