ಪಕ್ಕದ ಗಣಕ ಕಾಣದಾದಾಗ

ಒಂದೇ ಕೋಣೆಯಲ್ಲಿ ಎರಡು ಕಂಪ್ಯೂಟರುಗಳು, ನಡುವೆ ಒಂದು ತಂತಿ. ಒಂದರಲ್ಲಿರುವ ಕಡತವನ್ನು ಇನ್ನೊಂದರಿಂದ ತೆರೆಯಹೊರಟರೆ ‘ಜಾಲದ ಹಾದಿ ಸಿಗಲಿಲ್ಲ’ ಎಂದೋ ‘ಪ್ರವೇಶ ನಿರಾಕರಿಸಲಾಗಿದೆ’ ಎಂದೋ ಉತ್ತರ ಬರುತ್ತದೆ. ಸಾವಿರಾರು ಮೈಲಿ ದೂರದ ಯಂತ್ರದೊಡನೆ ಸಲೀಸಾಗಿ ಮಾತಾಡುವ ಗಣಕ ಪಕ್ಕದ ಮೇಜಿನದರೊಡನೆ ಮುನಿಸಿಕೊಳ್ಳುವುದೇಕೆ? ಕಚೇರಿ, ಶಾಲೆ, ಮುದ್ರಣಾಲಯಗಳಲ್ಲಿ ದಿನದ ಕೆಲಸವನ್ನೇ ನಿಲ್ಲಿಸಿಬಿಡುವ ಈ ತೊಡಕಿನ ಹಿಂದೆ ನಾಲ್ಕು ದಶಕಗಳ ಇತಿಹಾಸವಿದೆ.

ಹತ್ತಿರದ ಗಣಕಗಳನ್ನು ಬೆಸೆಯುವ ಯೋಚನೆ ಹುಟ್ಟಿದ್ದು ಮಿತವ್ಯಯದಿಂದ. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ‘ಈಥರ್‌ನೆಟ್’ ರೂಪಿಸತೊಡಗಿದಾಗ, ದುಬಾರಿ ಲೇಸರ್ ಮುದ್ರಕವೊಂದನ್ನು ಹಲವು ಗಣಕಗಳು ಹಂಚಿಕೊಳ್ಳಬೇಕೆಂಬುದು ಮುಖ್ಯ ಗುರಿಗಳಲ್ಲೊಂದಾಗಿತ್ತು.

ತಂತಿ ಸಿದ್ಧವಾದ ಮೇಲೆ ಭಾಷೆ ಬೇಕಾಯಿತು. 1983ರಲ್ಲಿ ಐಬಿಎಂಗಾಗಿ ಸೈಟೆಕ್ ಎಂಬ ಸಂಸ್ಥೆ ‘ನೆಟ್‌ಬಯಾಸ್’ ಪದ್ಧತಿಯನ್ನು ರಚಿಸಿತು. ಇದರ ರೀತಿ ನಮ್ಮ ವಠಾರಗಳ ರೀತಿ. ಹೊಸದಾಗಿ ಬಂದ ಗಣಕ ‘ಈ ಹೆಸರಿನವರು ಯಾರಾದರೂ ಇದ್ದೀರಾ?’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಯಾರೂ ಓಗೊಡದಿದ್ದರೆ ಆ ಹೆಸರು ಅದರದು. ಹತ್ತು ಮನೆಯ ವಠಾರಕ್ಕೆ ಇದು ಸಾಕು, ಊರಿಗೆ ಸಾಲದು. ಅದೇ ಕಾಲದಲ್ಲಿ ಐಬಿಎಂನ ಬ್ಯಾರಿ ಫೈಗನ್‌ಬಾಮ್, ಬೇರೆ ಗಣಕದ ಡಿಸ್ಕನ್ನು ತನ್ನದೇ ಎಂಬಂತೆ ಬಳಸುವ ನಿಯಮಾವಳಿ ಬರೆದರು. ಮೊದಲು ಅವರ ಹೆಸರಿನ ಮೊದಲಕ್ಷರಗಳನ್ನೇ ಹೊತ್ತಿದ್ದ ಅದು ಮುಂದೆ ‘ಎಸ್‌ಎಂಬಿ’ ಎಂದು ಹೆಸರಾಯಿತು. ಇಂದಿಗೂ ವಿಂಡೋಸ್ ಗಣಕಗಳ ಕಡತ ಹಂಚಿಕೆ ನಡೆಯುವುದು ಅದರ ಸಂತತಿಯಿಂದಲೇ.

1992ರಲ್ಲಿ ಮೈಕ್ರೋಸಾಫ್ಟ್ ‘ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್’ ಹೊರತಂದಾಗ ಈ ಸೌಲಭ್ಯ ಸಾಮಾನ್ಯರ ಕೈಗೆಟುಕಿತು. ಜೊತೆಗೆ ಹೊಸ ಗೊಂದಲವೂ ಬಂತು. ಜಾಲದಲ್ಲಿ ಯಾರ್ಯಾರಿದ್ದಾರೆಂಬ ಪಟ್ಟಿಯನ್ನಿಡಲು ಗಣಕಗಳು ತಮ್ಮತಮ್ಮಲ್ಲೇ ಚುನಾವಣೆ ನಡೆಸಿ ಒಂದನ್ನು ಮುಖ್ಯಸ್ಥನನ್ನಾಗಿ ಆರಿಸುತ್ತಿದ್ದವು. ಉಳಿದವು ಸಾಮಾನ್ಯವಾಗಿ 12 ನಿಮಿಷಕ್ಕೊಮ್ಮೆ ಹಾಜರಿ ಹೇಳಬೇಕು. ಮೂರು ಸಲ ತಪ್ಪಿದರಷ್ಟೇ ಹೆಸರು ತೆಗೆಯಲಾಗುತ್ತಿತ್ತು. ಹೀಗಾಗಿ ಆರಿಸಿಟ್ಟ ಗಣಕ ಅರ್ಧ ಗಂಟೆ ಕಳೆದರೂ ಪಟ್ಟಿಯಲ್ಲಿ ಉಳಿಯುತ್ತಿತ್ತು, ಆಗಷ್ಟೇ ಚಾಲೂ ಆದದ್ದು ಕಾಣದೆಯೂ ಇರುತ್ತಿತ್ತು. ತಪ್ಪು ಬಳಸುವವನದಾಗಲಿ ತಂತಿಯದಾಗಲಿ ಆಗಿರಲಿಲ್ಲ.

ಇನ್ನು ಬೇರೆ ಬೇರೆ ಕುಲದ ಗಣಕಗಳು ಕೂಡುವುದು ಹೇಗೆ? ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್, 1991ರ ಕೊನೆಯಲ್ಲಿ ತಂತಿಯಲ್ಲಿ ಹರಿಯುವ ಸಂದೇಶಗಳನ್ನು ಆಲಿಸಿ, ಅದರ ವ್ಯಾಕರಣವನ್ನು ಊಹಿಸಿ, ಯುನಿಕ್ಸ್ ಯಂತ್ರ ಅದೇ ಭಾಷೆ ಆಡುವಂತೆ ಮಾಡಿದರು. ತಾವು ಕಲಿತದ್ದು ಎಸ್‌ಎಂಬಿ ಎಂಬುದು ಅವರಿಗೆ ತಿಳಿದದ್ದು ಆಮೇಲೆ. ಎಸ್, ಎಂ, ಬಿ ಅಕ್ಷರಗಳು ಅದೇ ಕ್ರಮದಲ್ಲಿ ಬರುವ ಪದವನ್ನು ನಿಘಂಟಿನಲ್ಲಿ ಹುಡುಕಿ ತಮ್ಮ ತಂತ್ರಾಂಶಕ್ಕೆ ‘ಸಾಂಬಾ’ ಎಂದು ಹೆಸರಿಟ್ಟರು. ಆದರೆ ಕಿವಿಯಿಂದ ಕಲಿತ ಭಾಷೆಯಲ್ಲಿ ಆಗಾಗ ತಪ್ಪುವುದು ಸಹಜ. ನಿಯಮಗಳನ್ನು ಬಹಿರಂಗಪಡಿಸಬೇಕೆಂದು ಐರೋಪ್ಯ ಆಯೋಗ 2004ರಲ್ಲಿ ಮೈಕ್ರೋಸಾಫ್ಟ್‌ಗೆ ಆದೇಶಿಸಿ 49.7 ಕೋಟಿ ಯೂರೋ ದಂಡ ವಿಧಿಸಿತು. 2007ರಲ್ಲಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಅದೇ ವರ್ಷಾಂತ್ಯಕ್ಕೆ 10,000 ಯೂರೋ ಶುಲ್ಕದ ಮೇಲೆ ದಾಖಲೆಗಳು ಸಾಂಬಾ ತಂಡದ ಕೈಸೇರಿದವು.

ಅಷ್ಟರಲ್ಲಿ ಪ್ರಶ್ನೆಯೇ ಬದಲಾಗಿತ್ತು. ಎಲ್ಲರನ್ನೂ ನಂಬುವ ವಠಾರದೊಳಗೆ ಕಳ್ಳ ನುಗ್ಗಿದ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಸುಲಿಗೆ ತಂತ್ರಾಂಶ, ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ಬಿರುಕಿನ ಮೂಲಕ ಗಣಕದಿಂದ ಗಣಕಕ್ಕೆ ತಾನಾಗಿ ಹಬ್ಬಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಮಿಕ್ಕ ಗಣಕಗಳು ತುತ್ತಾದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ತಪಾಸಣೆ, ಚಿಕಿತ್ಸೆಗಳು ರದ್ದಾದವು. ಬಿರುಕು ಮುಚ್ಚುವ ತೇಪೆ ಎರಡು ತಿಂಗಳ ಹಿಂದೆಯೇ ಸಿಕ್ಕಿತ್ತು, ಹಲವರು ಹಾಕಿಕೊಂಡಿರಲಿಲ್ಲ.

ಹಳೆಯ ಆವೃತ್ತಿಯನ್ನು ಕೈಬಿಡುವಂತೆ ಮೈಕ್ರೋಸಾಫ್ಟ್ ಮೊದಲಿನಿಂದಲೂ ಹೇಳುತ್ತಿತ್ತು. 2017ರ ಅಕ್ಟೋಬರಿನಿಂದ ಹೊಸ ವಿಂಡೋಸ್‌ನೊಡನೆ ಅದು ತಾನಾಗಿ ಬರುವುದು ನಿಂತಿತು. ಪರಿಣಾಮವಾಗಿ ಹಳೆಯ ಮುದ್ರಕ, ಹಳೆಯ ಸಂಗ್ರಹ ಪೆಟ್ಟಿಗೆಗಳು ಒಮ್ಮೆಲೇ ಕಾಣದಾದವು. ಇಂದು ಎದುರಾಗುವ ಎಷ್ಟೋ ದೋಷಗಳು ಹೀಗೆ ಬೇಕೆಂದೇ ಮುಚ್ಚಿದ ಬಾಗಿಲುಗಳು.

ಹಾಗಾದರೆ ತೊಡಕಿನ ಮೂಲ ಹುಡುಕುವುದು ಹೇಗೆ? ಇತಿಹಾಸವೇ ಕ್ರಮವನ್ನು ತೋರಿಸುತ್ತದೆ: ಹೆಸರು, ಹಾದಿ, ಭಾಷೆ, ಅನುಮತಿ. ಹೆಸರಿನ ಬದಲು ಗಣಕದ ಅಂಕಿ ವಿಳಾಸ ಕೊಟ್ಟಾಗ ಕಡತ ತೆರೆದರೆ ದೋಷ ಹೆಸರಿನದು. ವಿಳಾಸಕ್ಕೂ ಉತ್ತರವಿಲ್ಲದಿದ್ದರೆ ತಂತಿಯನ್ನೋ, ಕಾವಲು ತಂತ್ರಾಂಶ 445ನೆಯ ದ್ವಾರವನ್ನು ತಡೆದಿದೆಯೇ ಎಂಬುದನ್ನೋ ನೋಡಬೇಕು. ಒಂದು ತೀರ ಹಳತಾಗಿದ್ದರೆ ಭಾಷೆ ಹೊಂದಿಲ್ಲದಿರಬಹುದು. ‘ನಿರಾಕರಿಸಲಾಗಿದೆ’ ಎಂದು ಬಂದರೆ ಹಾದಿ ಸರಿಯಿದೆ, ಅನುಮತಿ ಸಾಲದು. ವಿಂಡೋಸ್‌ನಲ್ಲಿ ಹಂಚಿಕೆಗೊಂದು, ಕಡತಕ್ಕೊಂದು ಹೀಗೆ ಎರಡು ಅನುಮತಿಗಳಿದ್ದು, ಬಿಗಿಯಾದದ್ದೇ ನಡೆಯುತ್ತದೆ.

ಬೇಸತ್ತು ಕಾವಲನ್ನೇ ತೆಗೆದುಹಾಕುವುದು, ಹಳೆಯ ಆವೃತ್ತಿಯನ್ನು ಮತ್ತೆ ಚಾಲೂ ಮಾಡುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಅದರಿಂದ ಕಡತವೇನೋ ಆ ಗಳಿಗೆಗೆ ತೆರೆಯಬಹುದು. ಆದರೆ 2017ರಲ್ಲಿ ಆಸ್ಪತ್ರೆಗಳನ್ನು ಸ್ತಬ್ಧಗೊಳಿಸಿದ ಸುಲಿಗೆ ಒಳಬಂದದ್ದೂ ಅದೇ ಬಾಗಿಲಿನಿಂದ.