ಬಿದಿರಕ್ಕಿಯ ಕಾಲ

ಬಿದಿರು ಹೂತರೆ ನಾಡಿಗೆ ಬರಗಾಲ ತಪ್ಪದೆಂಬ ನಂಬಿಕೆಯು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುವುದು. ಈ ಅಪವಾದವು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ಕನ್ನಡನಾಡಿನ ಚರಿತ್ರೆಯ ಒಂದು ಪ್ರಸಂಗದಿಂದ ವಿಚಾರಿಸೋಣ.

ಮುಳ್ಳುಬಿದಿರು ಸುಮಾರು ನಾಲ್ವತ್ತು ಐವತ್ತು ವರ್ಷಗಳಿಗೊಮ್ಮೆ ಹೂಬಿಡುವುದು. ಆಗ ಒಂದು ಪ್ರಾಂತದ ಮೆಳೆಗಳೆಲ್ಲವೂ ಏಕಕಾಲದಲ್ಲಿ ಹೂತು, ಬೀಜವನ್ನು ಸುರಿಸಿ ಸಾಯುವುವು. ಚಳಿಗಾಲದಲ್ಲಿ ಎಲೆಯುದುರಿದ ಗಳುಗಳ ತುಂಬ ಹೂಗೊಂಚಲು. ಮಾಗಿ ಕಳೆದು ಬಿಸಿಲೇರುವ ವೇಳೆಗೆ ಬುಡದಲ್ಲಿ ಧಾನ್ಯ. ಇದೇ ಬಿದಿರಕ್ಕಿ. ಸಂಸ್ಕೃತದಲ್ಲಿ ಇದಕ್ಕೆ ವೇಣುಯವವೆಂದು ಹೆಸರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅನ್ನಪಾನಗಳನ್ನು ವಿವರಿಸುವ ಅಧ್ಯಾಯವು ಇದನ್ನು ಧಾನ್ಯಗಳ ಸಾಲಿನಲ್ಲಿಯೇ ಎಣಿಸಿ, ರೂಕ್ಷವಾದರೂ ಬಲಕರವೆಂದು ಹೇಳುವುದು. ಗತಿಗೆಟ್ಟವರ ಕೂಳೆಂದು ಇದನ್ನು ಹೀಗಳೆಯುವುದು ಶಾಸ್ತ್ರಸಮ್ಮತವಲ್ಲ.

1864ನೆಯ ಇಸವಿಯಲ್ಲಿ ಉತ್ತರ ಕನ್ನಡದ ಸೂಪಾ ಸೀಮೆಯ ಅಡವಿಗಳಲ್ಲಿ ಬಿದಿರು ಸಾರ್ವತ್ರಿಕವಾಗಿ ಹೂತಿತು. ಸುದ್ದಿಯು ಹಬ್ಬಿದೊಡನೆ ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಜನರು ಘಟ್ಟದ ಕಾಡಿಗೆ ಹೊರಟರು. ಆಗಿನ ಅಂದಾಜಿನಂತೆ ಹಾಗೆ ಬಂದವರ ಸಂಖ್ಯೆ ಸುಮಾರು 50,000. ಒಂದೊಂದು ತಂಡವೂ ಹತ್ತರಿಂದ ಹದಿನಾಲ್ಕು ದಿನಗಳವರೆಗೆ ಅಡವಿಯಲ್ಲಿಯೇ ತಂಗಿ, ಮಳೆಗಾಲದ ತಿಂಗಳುಗಳಿಗೆ ಸಾಕಾಗುವಷ್ಟನ್ನು ಕೂಡಿಸಿಕೊಂಡು, ಮಿಕ್ಕುದನ್ನು ಮಾರುವುದಕ್ಕೂ ಹೊತ್ತೊಯ್ದಿತು. ಬಿತ್ತಿದ ಬೆಳೆ ಕೈಗೆ ಬಾರದ ಆ ತಿಂಗಳುಗಳೇ ಬಡವನಿಗೆ ವರ್ಷದ ಕಠಿನ ಕಾಲವೆಂಬುದನ್ನು ಬಲ್ಲವರು ಈ ಯಾತ್ರೆಯ ಅರ್ಥವನ್ನು ಬಲ್ಲರು.

ಹಾಗಾದರೆ ಜನರ ನಂಬಿಕೆಯು ಬರಿಯ ಭ್ರಾಂತಿಯೇ? ಅಲ್ಲ. ಬಿದಿರಕ್ಕಿಯನ್ನು ತಿಂದು ಇಲಿಗಳು ವಿಪರೀತವಾಗಿ ಹೆಚ್ಚುವುವು. ಕಾಡಿನ ಕಾಳು ಮುಗಿದೊಡನೆ ಹೊಲಕ್ಕೂ ಕಣಜಕ್ಕೂ ನುಗ್ಗುವುವು. ಮಿಜೋ ಬೆಟ್ಟಗಳಲ್ಲಿ 1959ರಲ್ಲಿ ಒದಗಿದ ಕ್ಷಾಮಕ್ಕೆ ಇದೇ ಕಾರಣ. ಒಂದೇ ಹೂವು ಒಂದೆಡೆ ಅನ್ನ, ಇನ್ನೊಂದೆಡೆ ಆಪತ್ತು.

ಇನ್ನೊಂದು ಮಾತನ್ನೂ ಮರೆಯಲಾಗದು. ಸೂಪಾದ ಬಿದಿರು ಹೂತು ಹನ್ನೆರಡು ವರ್ಷಗಳಾದ ಮೇಲೆ, 1876ರಲ್ಲಿ, ಧಾತು-ಈಶ್ವರ ಸಂವತ್ಸರಗಳ ಘೋರಕ್ಷಾಮವು ಮೊದಲಾಯಿತು. ಮೈಸೂರು ಸಂಸ್ಥಾನದ ಜನಗಣತಿಯಲ್ಲಿ 1871ರಲ್ಲಿ 50 ಲಕ್ಷವನ್ನು ಮೀರಿದ್ದ ಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಧಾರವಾಡ, ಬೆಳಗಾವಿ ಸೀಮೆಗಳೂ ಬೆಂದುವು. ಆದರೆ 1864ರಲ್ಲಿ ಹೂತ ಮೆಳೆಗಳು ಆಗಲೇ ಸತ್ತಿದ್ದುವು. ಅವುಗಳ ಬೀಜದಿಂದ ಹುಟ್ಟಿದ ಬಿದಿರು ಇನ್ನೂ ಎಳೆಯದು. ಕಾಡು ತನ್ನ ಕಾಲಕ್ಕೆ ಕೊಡುವುದೇ ಹೊರತು ನಮ್ಮ ಹಸಿವಿನ ಕಾಲಕ್ಕಲ್ಲ. ಆದಕಾರಣ ಅಡವಿಯ ಅನ್ನವನ್ನು ನೆಚ್ಚಿ ಕಣಜವನ್ನು ಬರಿದಾಗಿಸುವುದು ವಿವೇಕವಲ್ಲ.

ಹಳೆಯ ಸೂಪಾ ಗ್ರಾಮವು ಈಗ ಕಾಳೀನದಿಯ ಜಲಾಶಯದಲ್ಲಿ ಮುಳುಗಿರುವುದು. ಆದರೆ ಆ ಅಡವಿಯ ನೆಲವನ್ನು ಗುಡಿಸಿ, ಕಾಳನ್ನು ಕೇರಿ, ಮಕ್ಕಳಿಗೆ ಅನ್ನವಿಟ್ಟ ತಾಯಂದಿರು ನಮ್ಮ ಪೂರ್ವಜರೇ. ಅರಸರ ವಂಶಾವಳಿಗಳ ಜೊತೆಯಲ್ಲಿ ಅವರ ಮಾತಿಗೂ ಚರಿತ್ರೆಯಲ್ಲಿ ಒಂದು ಪುಟವಿರಲಿ.